ಒಲೆಯ ಲೆಕ್ಕ, ಮೀಟರಿನ ಲೆಕ್ಕ

ಗುಬ್ಬಿ, ಕುಣಿಗಲ್ ಕಡೆಯ ಸದಸ್ಯರು ಸಂಘಕ್ಕೆ ಬಂದಾಗ ಗೊಬ್ಬರದ ಮಾತು, ಧಾರಣೆಯ ಮಾತು ಮುಗಿದ ಮೇಲೆ ನಮ್ಮನ್ನು ಕೇಳುವ ಪ್ರಶ್ನೆಗಳು ಎರಡು. ಮೊದಲನೆಯದು ಗಂಡಸರದು: “ಪಾವಗಡದಲ್ಲಿ ಅಷ್ಟೊಂದು ಕರೆಂಟು ತೆಗೀತಾರಲ್ಲ ಸ್ವಾಮಿ, ಅದೂ ನಮ್ಮ ಜಿಲ್ಲೆಯೇ ತಾನೆ? ಮತ್ತೆ ನಮ್ಮ ಬೋರಿಗೆ ಮಾತ್ರ ಯಾಕೆ ಇಂತಿಷ್ಟೇ ಗಂಟೆ ಅಂತ ಅಳತೆ?” ಎರಡನೆಯದನ್ನು ಕೇಳುವವರು ಹೆಂಗಸರು: “ಮನೆ ಮೇಲೆ ಸೋಲಾರ್ ಹಾಕಿಸಿಬಿಟ್ಟರೆ ಈ ಸೌದೆ, ಈ ಹೊಗೆ ತಪ್ಪುತ್ತಾ?”

ಎರಡಕ್ಕೂ ನಿಂತ ನಿಲುವಿನಲ್ಲಿ ಉತ್ತರ ಕೊಡಲು ಹೋಗಿ ನಾವು ಹಲವು ಸಲ ಎಡವಿದ್ದೇವೆ. ಎರಡನೆಯ ಪ್ರಶ್ನೆಯೇ ದೊಡ್ಡದೆಂಬುದು ನಮಗೆ ತಡವಾಗಿ ಹೊಳೆಯಿತು. ಅದಕ್ಕೆ ಉತ್ತರ ಹುಡುಕಿದವರು ಸುಮಾರು 45 ವರ್ಷಗಳ ಹಿಂದೆ ನಮ್ಮ ಕುಣಿಗಲ್ ತಾಲ್ಲೂಕಿನಲ್ಲೇ ಕೆಲಸ ಮಾಡಿ ಹೋಗಿದ್ದಾರೆ. ಆ ವಿಷಯಕ್ಕೆ ಬರುವ ಮೊದಲು ಕರೆಂಟು ಎಲ್ಲಿಂದ ಬರುತ್ತದೆಂಬುದನ್ನು ನೋಡೋಣ.

ಮೈಸೂರು ಸಂಸ್ಥಾನದಲ್ಲಿ ಕರೆಂಟು ಮೊದಲು ಹುಟ್ಟಿದ್ದು ಕಾವೇರಿಯ ನೀರಿನಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದರು. ಬೆಂಗಳೂರಿನ ಬೀದಿ ದೀಪ ಹೊತ್ತಿದ್ದು 1905ರಲ್ಲಿ. (ದೇವರಾಯನದುರ್ಗದಲ್ಲಿ ಹುಟ್ಟಿ ಕಡಬದ ಕೆರೆ ತುಂಬಿಸಿ ಹರಿಯುವ ನಮ್ಮ ಶಿಂಷೆಗೆ ಆ ಭಾಗ್ಯವಿಲ್ಲ, ಅದು ಕಾವೇರಿಯನ್ನು ಸೇರುವುದು ಶಿವನಸಮುದ್ರ ದಾಟಿದ ಮೇಲೆ.) 1940ರ ದಶಕದ ಕೊನೆಗೆ ಜೋಗದ ವಿದ್ಯುದಾಗಾರ ಬಂತು, 1960ರ ದಶಕದಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದು ಶರಾವತಿಯ ದೊಡ್ಡ ವಿದ್ಯುದಾಗಾರ ಆರಂಭವಾಯಿತು. ಆ ಕಟ್ಟೆಯ ನೀರಿನಲ್ಲಿ ಎಷ್ಟೋ ಕುಟುಂಬಗಳ ಅಡಿಕೆ ತೋಟಗಳು ಮುಳುಗಿದವು. ನಾವು ಸ್ವಿಚ್ ಒತ್ತುವಾಗ ಅದು ನೆನಪಿಗೆ ಬರುವುದಿಲ್ಲ, ಬರಬೇಕಾದ್ದು. ಮಳೆ ಕೈಕೊಟ್ಟ ವರ್ಷ ಕತ್ತಲಾಗಬಾರದೆಂದು 1985ರಲ್ಲಿ ರಾಯಚೂರಿನಲ್ಲಿ ಕಲ್ಲಿದ್ದಲು ಸುಡಲು ಆರಂಭಿಸಿದರು. ಆ ಕಲ್ಲಿದ್ದಲು ಹೊರರಾಜ್ಯಗಳ ಗಣಿಗಳಿಂದ ರೈಲಿನಲ್ಲಿ ಬರಬೇಕು. 2000ದಲ್ಲಿ ಕೈಗಾ ಅಣು ವಿದ್ಯುತ್ ಸೇರಿತು. ಆಮೇಲೆ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗತೊಡಗಿದವು.

ಇನ್ನು ಪಾವಗಡ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ, 2019ರ ಕೊನೆಯ ಹೊತ್ತಿಗೆ ಪೂರ್ಣಗೊಂಡ ಸೌರ ಉದ್ಯಾನ ಅದು. ತಿರುಮಣಿ, ವಳ್ಳೂರು ಮೊದಲಾದ ಊರುಗಳ ಸುಮಾರು 13,000 ಎಕರೆ ಜಮೀನು, 2,050 ಮೆಗಾವ್ಯಾಟ್ ಶಕ್ತಿ. ಅಲ್ಲಿ ಜಮೀನನ್ನು ಕೊಂಡಿಲ್ಲ, ರೈತರಿಂದ ಗುತ್ತಿಗೆಗೆ ಪಡೆದಿದ್ದಾರೆ. ಆರಂಭದಲ್ಲಿ ನಿಗದಿಯಾದದ್ದು ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆಯೇ ಬಾರದ ತಾಲ್ಲೂಕಿನಲ್ಲಿ ಬಿಸಿಲೇ ಬೆಳೆಯಾಯಿತೆಂದು ಪತ್ರಿಕೆಗಳು ಬರೆದವು. ಜಮೀನಿದ್ದವರಿಗೆ ಆ ಮಾತು ಒಪ್ಪತಕ್ಕದ್ದೇ. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲವೆಂಬುದನ್ನೂ ಸೇರಿಸಿ ಹೇಳಬೇಕು.

ಇಷ್ಟೂ ಕಡೆಯ ಕರೆಂಟು ಒಂದೇ ಜಾಲಕ್ಕೆ ಬೀಳುತ್ತದೆ. ಬೆಸ್ಕಾಂನವರು ಅದರಿಂದ ತಮ್ಮ ಪಾಲನ್ನು ಪಡೆದು ನಮ್ಮ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತಾರೆ. ಆದುದರಿಂದ ಗುಬ್ಬಿಯ ಮನೆಯೊಂದರಲ್ಲಿ ಉರಿಯುವ ದೀಪ ಪಾವಗಡದ್ದೋ ರಾಯಚೂರಿನದ್ದೋ ಎಂದು ಬೇರ್ಪಡಿಸಿ ಹೇಳಲಾಗದು. ಈ ಜಾಲವನ್ನು ನಮ್ಮ ಜನ ಕೆರೆಯ ಹಾಗೆ ಎಂದು ಭಾವಿಸುತ್ತಾರೆ: ಹಗಲು ತುಂಬಿಸಿಟ್ಟರೆ ರಾತ್ರಿ ತೂಬು ಎತ್ತಬಹುದು ಎಂದು. ಅದು ಕೆರೆಯಲ್ಲ, ನಾಲೆ. ಈ ಗಳಿಗೆಯಲ್ಲಿ ಎಷ್ಟು ಹರಿದು ಬರುತ್ತದೋ ಅಷ್ಟೂ ಇದೇ ಗಳಿಗೆಯಲ್ಲಿ ಖರ್ಚಾಗಬೇಕು. ದೊಡ್ಡ ಪ್ರಮಾಣದಲ್ಲಿ ಕೂಡಿಡುವ ಬ್ಯಾಟರಿ ಮೊದಲಾದ ಏರ್ಪಾಡುಗಳು ಈಗೀಗ ಬರುತ್ತಿವೆ, ಬಲು ದುಬಾರಿ. ಪಾವಗಡದ ಹಲಗೆಗಳು ಸಂಜೆ ಆರು ಗಂಟೆಯ ಮೇಲೆ ಒಂದು ಬಲ್ಬಿಗೂ ಸಾಲವು. ಎಲ್ಲ ಮನೆಗಳೂ ದೀಪ, ಟಿವಿ, ಮಿಕ್ಸಿ ಹಾಕುವುದು ಆಗಲೇ. ಆ ಹೊತ್ತಿನ ಭಾರವನ್ನು ಹೊರುವುದು ಶರಾವತಿಯಂಥ ನೀರು ಮತ್ತು ರಾಯಚೂರು, ಬಳ್ಳಾರಿಯ ಬೆಂಕಿ. ಅದಕ್ಕೇ ಪಂಪಿಗೂ ಮನೆಗೂ ಫೀಡರ್ ಬೇರೆ ಮಾಡಿದ್ದು, ಪಂಪಿಗೆ ಗಂಟೆಯ ಅಳತೆ ಇಟ್ಟದ್ದು. ಬಿಸಿಲಿನ ಕರೆಂಟು ಹೆಚ್ಚಿದಷ್ಟೂ ಪಂಪಿನ ಸರದಿ ಹಗಲಿಗೆ ಬರುವುದಕ್ಕೆ ಅನುಕೂಲ. ನಡುರಾತ್ರಿ ಬ್ಯಾಟರಿ ಹಿಡಿದು ಹಾವಿನ ಭಯದಲ್ಲಿ ತೋಟಕ್ಕೆ ಹೋದವರಿಗೆ ಇದರ ಬೆಲೆ ಗೊತ್ತು.

ಇನ್ನು ಮೀಟರಿನ ಲೆಕ್ಕ. ಸಾವಿರ ವ್ಯಾಟಿನ ಸಾಮಾನು ಒಂದು ಗಂಟೆ ನಡೆದರೆ ಒಂದು ಯೂನಿಟ್. 9 ವ್ಯಾಟಿನ ಎಲ್‌ಇಡಿ ಬಲ್ಬು ದಿನಕ್ಕೆ ಐದು ಗಂಟೆಯಂತೆ ಉರಿದರೆ ಒಂದು ಯೂನಿಟ್ಟಿನಲ್ಲಿ 22 ದಿನ ಬರುತ್ತದೆ. ಈಗ ಸ್ನಾನಕ್ಕೆ 100 ಲೀಟರ್ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಿ ನೋಡಿ: ಎರಡೂಕಾಲು ಯೂನಿಟ್ಟಿಗೂ ಸ್ವಲ್ಪ ಹೆಚ್ಚೇ ಬೇಕು. ಅಂದರೆ ಒಂದು ದಿನ ಬೆಳಗಿನ ಸ್ನಾನಕ್ಕೆ ಹೋದ ಕರೆಂಟಿನಲ್ಲಿ ಆ ಬಲ್ಬು ಐವತ್ತು ರಾತ್ರಿ ಉರಿಯುತ್ತಿತ್ತು! ಬೆಳಕಿಗೆ ಕರೆಂಟು ಸಾಕಷ್ಟು ಅಗ್ಗ, ಬಿಸಿಗೆ ಅದು ಬಹಳ ದುಬಾರಿ. ಮುಂದಿನ ಮಾತೆಲ್ಲವೂ ಇದರ ಮೇಲೆಯೇ ನಿಂತಿದೆ.

ರಾಯಚೂರಿನಲ್ಲಿ ಆಗುವುದಾದರೂ ಏನು? ಕಲ್ಲಿದ್ದಲು ಸುಟ್ಟು ನೀರು ಕಾಯಿಸುತ್ತಾರೆ, ಆ ಉಗಿ ಚಕ್ರ ತಿರುಗಿಸುತ್ತದೆ, ಚಕ್ರದಿಂದ ಕರೆಂಟು. ಒಂದು ಯೂನಿಟ್ಟಿಗೆ ನಮ್ಮ ದೇಶದಲ್ಲಿ ಸುಮಾರು 650ರಿಂದ 700 ಗ್ರಾಂ ಕಲ್ಲಿದ್ದಲು ಬೇಕು. ಬೆಂಕಿಯ ಶಾಖದಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ ಕರೆಂಟಾಗುತ್ತದೆ, ಮಿಕ್ಕ ಎರಡು ಪಾಲು ಅಲ್ಲೇ ಗಾಳಿಗೂ ನೀರಿಗೂ ಹೋಗುತ್ತದೆ. ಆ ಕರೆಂಟನ್ನು ನೂರಾರು ಕಿಲೋಮೀಟರ್ ತಂದು ನಮ್ಮ ಬಚ್ಚಲಲ್ಲಿ ಮತ್ತೆ ನೀರು ಕಾಯಿಸುತ್ತೇವೆ. ಅಲ್ಲಿ ನೀರು ಕಾಯಿಸಿದ್ದು ಇಲ್ಲಿ ನೀರು ಕಾಯಿಸುವುದಕ್ಕೆ!

ಪಂಪಿನ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡುತ್ತೇವೆ. ಕಪಿಲೆ ಹೊಡೆಯುತ್ತಿದ್ದ ಕಾಲಕ್ಕೆ ನೀರು ಮೂವತ್ತು ಅಡಿಯಲ್ಲಿತ್ತು. ಇಂದು 800 ಅಡಿಯಿಂದ ಸಾವಿರ ಲೀಟರ್ ಮೇಲೆತ್ತಲು, ಪಂಪು ಮೋಟಾರಿನಲ್ಲಿ ಪೋಲಾಗುವುದನ್ನು ಸೇರಿಸಿದರೆ, ಒಂದೂವರೆ ಯೂನಿಟ್ ದಾಟುತ್ತದೆ. ಒಂಬತ್ತಡಿಗೆ ಒಂಬತ್ತಡಿ ಅಂತರದಲ್ಲಿ ಎಕರೆಗೆ ಸುಮಾರು 540 ಅಡಿಕೆ ಮರ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಎಂದರೆ ಎಕರೆಗೆ ಹತ್ತು ಸಾವಿರ ಲೀಟರ್, ದಿನಕ್ಕೆ 16 ಯೂನಿಟ್. ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ ಪಾತಿಗೆ 175 ಲೀಟರ್ ಬಿಡುವವರಿಗೆ ಇದರ ಎರಡರಷ್ಟಕ್ಕೂ ಮೇಲೆ. 10 ಅಶ್ವಶಕ್ತಿಯವರೆಗಿನ ಪಂಪಿಗೆ ನಮಗೆ ಬಿಲ್ಲಿಲ್ಲ, ಸರ್ಕಾರ ತುಂಬುತ್ತದೆ. ಬಿಲ್ಲಿಲ್ಲದ ಕಾರಣ ಈ ಲೆಕ್ಕ ಯಾರ ಮನೆಯಲ್ಲೂ ಇಲ್ಲ. ಬೋರು ಬತ್ತಿದ ದಿನ ಮಾತ್ರ ಅದು ಒಟ್ಟಿಗೆ ವಸೂಲಾಗುತ್ತದೆ.

ಈಗ ಕುಣಿಗಲ್ಲಿಗೆ ಬರೋಣ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ಕೆ. ಎನ್. ರೆಡ್ಡಿಯವರು ‘ಅಸ್ತ್ರ’ ಎಂಬ ವಿಭಾಗವನ್ನು ಕಟ್ಟಿದರು. ವಿಜ್ಞಾನ ಹಳ್ಳಿಗೆ ಉಪಯೋಗವಾಗಬೇಕೆಂಬುದು ಅದರ ಉದ್ದೇಶ. ಈಗ ಅದಕ್ಕೆ ಸುಸ್ಥಿರ ತಂತ್ರಜ್ಞಾನ ಕೇಂದ್ರವೆಂದು ಹೆಸರು. ಅವರು ತಮ್ಮ ವಿಸ್ತರಣಾ ಕೇಂದ್ರಕ್ಕೆ ಆರಿಸಿದ್ದು ಕುಣಿಗಲ್ ತಾಲ್ಲೂಕಿನ ಉಂಗ್ರವನ್ನು. ಅಲ್ಲಿಯ ಸುತ್ತಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಯಾರು ಎಷ್ಟು ಸೌದೆ ಸುಡುತ್ತಾರೆ, ಎಷ್ಟು ಹೊತ್ತು ಆರಿಸುತ್ತಾರೆ, ಎತ್ತು ಎಷ್ಟು ದುಡಿಯುತ್ತದೆ, ಸೀಮೆಎಣ್ಣೆ ಎಷ್ಟು, ಕರೆಂಟು ಎಷ್ಟು ಎಂದು ಲೆಕ್ಕ ಹಾಕಿದರು. ಹಳ್ಳಿಯ ಶಕ್ತಿಯನ್ನು ಅಷ್ಟು ಸೂಕ್ಷ್ಮವಾಗಿ ಅಳೆದದ್ದು ಆ ಕಾಲಕ್ಕೆ ಅಪರೂಪ.

ಆ ಆರರಲ್ಲಿ ಒಂದು ಪುರ ಎಂಬ ಹಳ್ಳಿ. 1977ರ ಸುಮಾರಿಗೆ ಐವತ್ತಾರು ಮನೆ, ಮುನ್ನೂರೈವತ್ತಕ್ಕೆ ಸ್ವಲ್ಪ ಮೇಲ್ಪಟ್ಟು ಜನ. ಊರಿಗೆ ಕಂಬ ಬಂದಿತ್ತು, ಕೆಲವೇ ಮನೆಗಳಿಗೆ ದೀಪವಿತ್ತು. ಲೆಕ್ಕ ಹಾಕಿದಾಗ ಊರು ಬಳಸುವ ಒಟ್ಟು ಶಕ್ತಿಯಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಹೆಚ್ಚು ಸೌದೆಯೇ! ಕರೆಂಟಿನ ಪಾಲು ನೂರರಲ್ಲಿ ಒಂದು ಎಂದರೂ ಹೆಚ್ಚು ಹೇಳಿದಂತೆ. ಸೌದೆಯೆಲ್ಲ ಹೋಗುತ್ತಿದ್ದುದು ಅಡಿಗೆಗೆ, ಸ್ನಾನದ ನೀರಿಗೆ. ಅದರಲ್ಲಿ ಬಹುಪಾಲು ದುಡ್ಡು ಕೊಟ್ಟು ಕೊಂಡದ್ದಲ್ಲ, ಹೆಂಗಸರೂ ಮಕ್ಕಳೂ ಅಲೆದು ಆರಿಸಿ ತಂದ ಕಡ್ಡಿ ಚೂರು. ಕೊಂಡದ್ದಲ್ಲವಾದ್ದರಿಂದ ಯಾವ ಕಾಗದದಲ್ಲೂ ಅದು ಬಂದಿರಲಿಲ್ಲ. ಊರಿಗೆ ಶಕ್ತಿ ಕೊಡುವುದೆಂದರೆ ಕಂಬ ನೆಡುವುದು ಎಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ, ಹಳ್ಳಿಯ ನಿಜವಾದ ಶಕ್ತಿಯ ಸಮಸ್ಯೆ ಒಲೆಯಲ್ಲಿದೆಯೆಂದು ಈ ಲೆಕ್ಕ ತೋರಿಸಿತು.

ಹಾಗಾದರೆ ಊರಿಗೆಲ್ಲ ಸೇರಿ ಒಂದು ದೊಡ್ಡ ಗೋಬರ್ ಗ್ಯಾಸ್ ಕಟ್ಟಿ ಮನೆಮನೆಗೆ ಅಡಿಗೆಗೆ ಗ್ಯಾಸು ಕೊಡೋಣವೆಂದು ಹೊರಟರು. ಕಟ್ಟಿದರು, ಗ್ಯಾಸು ಬಂತು. ಆದರೆ ಸಾಲಲಿಲ್ಲ. ಇದರ ಕಾರಣವನ್ನು ನಮ್ಮ ಸದಸ್ಯರು ತಾವೇ ಲೆಕ್ಕ ಹಾಕಬಹುದು. ಒಂದು ಸಂಸಾರದ ಎರಡು ಹೊತ್ತಿನ ಅಡಿಗೆಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿಯ ಗ್ಯಾಸು ಬೇಕು. ಐವತ್ತಾರು ಮನೆಗೆ 28 ಕ್ವಿಂಟಾಲ್ ಆಯಿತು, ಪ್ರತಿದಿನ! ಮೇಯಲು ಹೋದ ದನ ಅರ್ಧ ಸಗಣಿಯನ್ನು ಬಯಲಿನಲ್ಲೇ ಹಾಕಿ ಬರುತ್ತದೆ. ಅಷ್ಟು ಸಗಣಿ ಊರಿನಲ್ಲಿರಲಿಲ್ಲ. ಬೇಳೆ ಅರ್ಧ ಬೆಂದಾಗ ಗ್ಯಾಸು ನಿಂತರೆ ಹೆಂಗಸರು ಯಾರನ್ನು ನಂಬಬೇಕು? ಮತ್ತೆ ಸೌದೆ ಒಲೆ ಹಚ್ಚಿದರು. ಘಟಕ ನಿಂತಿತು.

ಬೇರೆಯವರಾದರೆ ಅಲ್ಲಿಗೆ ವರದಿ ಬರೆದು ಮುಗಿಸುತ್ತಿದ್ದರು. ಇವರು ಊರಿನವರೊಡನೆ ಕುಳಿತು ಬೇರೆ ದಾರಿ ನೋಡಿದರು. ಅದೇ ಗ್ಯಾಸನ್ನು ಅಡಿಗೆಗೆ ಕೊಡದೆ ಡೀಸೆಲ್ ಎಂಜಿನ್ನಿಗೆ ಕೊಟ್ಟರು. ಸ್ವಲ್ಪ ಡೀಸೆಲ್ ಜತೆಗೆ ಗ್ಯಾಸು ಸೇರಿಸಿ ಎಂಜಿನ್ ನಡೆಸಿ, 5 ಕೆವಿಎ ಜನರೇಟರಿನಿಂದ ಕರೆಂಟು ತೆಗೆದರು. 1987ರಿಂದ ಆ ಕರೆಂಟಿನಲ್ಲಿ ಕೊಳವೆ ಬಾವಿಯ ನೀರು ಬೀದಿ ನಲ್ಲಿಗಳಿಗೆ ಬಂತು, ಆಮೇಲೆ ಮನೆಗಳಿಗೆ ಟ್ಯೂಬ್‌ಲೈಟು ಬಂತು. ನಮ್ಮ ಲೆಕ್ಕ ಇಲ್ಲೂ ನಡೆಯಲಿ: 20 ವ್ಯಾಟಿನ ನೂರು ಟ್ಯೂಬ್‌ಲೈಟು ಸಂಜೆ ಮೂರು ಗಂಟೆ ಉರಿದರೆ 6 ಯೂನಿಟ್. ಅದಕ್ಕೆ ಬೇಕಾದ ಗ್ಯಾಸಿಗೆ ಸಗಣಿ ಒಂದೂವರೆ ಕ್ವಿಂಟಾಲಿನ ಆಸುಪಾಸು. ಅಡಿಗೆಗೆ 28 ಕ್ವಿಂಟಾಲ್ ಬೇಕಿದ್ದವರಿಗೆ ದೀಪಕ್ಕೆ ಒಂದೂವರೆ ಸಾಕಾಯಿತು. ಸಗಣಿ ತಂದು ಹಾಕಿದವರಿಗೆ ಕಿಲೋಗೆ ಎರಡು ಪೈಸೆ ಕೂಲಿ. ತಂದವರಲ್ಲಿ ಹೆಂಗಸರು ಮಕ್ಕಳೇ ಹೆಚ್ಚಾದ್ದರಿಂದ ಆ ಪೈಸೆ ಅವರ ಕೈಗೇ ಹೋಯಿತು. ಗ್ಯಾಸು ತೆಗೆದ ಮೇಲೆ ಬಗ್ಗಡವನ್ನು ಅವರವರ ಪಾಲಿನಂತೆ ಹಿಂದಕ್ಕೆ ಕೊಡುತ್ತಿದ್ದರು, ಗೊಬ್ಬರಕ್ಕೆ ಏನೂ ನಷ್ಟವಿಲ್ಲ. ನಡೆಸಿದವರು ಊರಿನ ಹುಡುಗರೇ. 1990ರ ದಶಕದಲ್ಲೂ ಅದು ನಡೆಯಿತು.

ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಿಂದ ಇನ್ನೊಂದು ಪ್ರಯೋಗ. ಅಲ್ಲಿ ಸಗಣಿಯ ಬದಲು ಕಟ್ಟಿಗೆ. ಮುಚ್ಚಿದ ಉಕ್ಕಿನ ಕೊಳವೆಯಲ್ಲಿ ಗಾಳಿಯನ್ನು ಕಡಿಮೆ ಬಿಟ್ಟು ಕಟ್ಟಿಗೆ ಸುಟ್ಟರೆ ಉರಿಯುವ ಅನಿಲ ಬರುತ್ತದೆ, ಅದರಿಂದ ಎಂಜಿನ್ ನಡೆಯುತ್ತದೆ. ಕಂಬವಿಲ್ಲದ ಆ ಊರಿಗೆ ಮೊದಲು ದೀಪ, ಆಮೇಲೆ 20 ಕಿಲೋವ್ಯಾಟಿನ ಘಟಕವಾಗಿ ಕುಡಿಯುವ ನೀರು, ಹಿಟ್ಟಿನ ಗಿರಣಿ, ತೋಟದ ನೀರು. ಕಟ್ಟಿಗೆಗೆಂದು ಊರಿನ ಬೀಳು ಜಮೀನಿನಲ್ಲಿ ಮರ ಬೆಳೆಸಿದರು. 2007ರಲ್ಲಿ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ ಇದೇ ವಿಧಾನದ 500 ಕಿಲೋವ್ಯಾಟಿನ ಘಟಕ ನಿಂತು ಬೆಸ್ಕಾಂಗೇ ಕರೆಂಟು ಮಾರಿತು. ಅಲ್ಲಿ ಒಂದು ಯೂನಿಟ್ಟಿಗೆ ಸುಮಾರು 1.36 ಕಿಲೋ ಒಣ ಕಟ್ಟಿಗೆ ಹಿಡಿಯುತ್ತಿತ್ತು. ಪೂರ್ತಿ ಶಕ್ತಿಯಲ್ಲಿ ಹತ್ತು ಗಂಟೆ ನಡೆಸಬೇಕಾದರೆ ದಿನಕ್ಕೆ ಸುಮಾರು ಏಳು ಟನ್ ಕಟ್ಟಿಗೆ ಬೇಕು! ಮರ ಬೆಳೆಸಿ, ಕಡಿಸಿ, ತುಂಡರಿಸಿ, ಒಣಗಿಸಿ, ಸಾಗಿಸುವ ಕೂಲಿಯನ್ನು ಕರೆಂಟಿನ ಬೆಲೆಯಲ್ಲಿ ಹೊರಡಿಸುವುದು ಎಷ್ಟು ಕಷ್ಟವೆಂದು ತೋಟಗಾರರಿಗೆ ನಾವು ಹೇಳಬೇಕಾಗಿಲ್ಲ.

ಕಂಬದ ಕರೆಂಟು ಹೋಗಿ ತಲಪದ ಹಳ್ಳಿಗೆ ಇಂಥ ಘಟಕಗಳು ಬೇಕಿದ್ದವು. ಕಂಬ ಬಂದ ಮೇಲೆ ದೀಪದ ವಿಷಯದಲ್ಲಿ ಅವು ಸ್ಪರ್ಧೆಗೆ ನಿಲ್ಲಲಾರವು. ಆದರೆ ಪುರದಲ್ಲಿ ಹೇಳಿದ ಲೆಕ್ಕ ಇಂದಿಗೂ ಸುಳ್ಳಾಗಿಲ್ಲ. ಗೃಹಜ್ಯೋತಿ ಯೋಜನೆ 2023ರಲ್ಲಿ ಬಂದ ಮೇಲೆ 200 ಯೂನಿಟ್ಟಿನೊಳಗಿನ ಮನೆಗಳಿಗೆ ಕರೆಂಟಿನ ಚಿಂತೆ ಕಡಿಮೆಯಾಯಿತು. ಗ್ಯಾಸ್ ಸಿಲಿಂಡರ್ ಬಹುತೇಕ ಎಲ್ಲ ಮನೆಗೂ ಬಂದಿದೆ. ಹೀಗಿದ್ದೂ ನಮ್ಮ ಕಡೆಯ ತೋಟದ ಮನೆಗಳ ಹಿತ್ತಿಲಿಗೆ ಹೋಗಿ ನೋಡಿ: ಹಂಡೆ ಒಲೆ ಆರಿಲ್ಲ. ಕಾಫಿಗೆ, ಸಾರಿಗೆ ಗ್ಯಾಸು. ಸ್ನಾನಕ್ಕೆ, ದನದ ಬೂಸಾ ಬೇಯಿಸಲಿಕ್ಕೆ, ಮದುವೆ ತಿಥಿಗೆ, ಅಡಿಕೆ ಬೇಯಿಸಲಿಕ್ಕೆ ಸೌದೆ, ಮಟ್ಟೆ, ಸೋಗೆ. ಅದರ ಮುಂದೆ ಕುಳಿತು ಕೆಮ್ಮುವವರು ಯಾರೆಂದೂ ನಮಗೆಲ್ಲ ಗೊತ್ತು.

ಆದುದರಿಂದ ಎರಡನೆಯ ಪ್ರಶ್ನೆಗೆ ನಮ್ಮ ಉತ್ತರ: ಇಲ್ಲ ತಾಯಿ, ಮನೆ ಮೇಲಿನ ಸೋಲಾರ್ ಕರೆಂಟಿನಿಂದ ಸೌದೆ ತಪ್ಪುವುದಿಲ್ಲ. ಬಿಸಿಯ ಲೆಕ್ಕ ಬೇರೆ, ಬೆಳಕಿನ ಲೆಕ್ಕ ಬೇರೆ. ಸೌದೆ ಕಡಿಮೆಯಾಗಬೇಕಾದರೆ ಕೈಹಾಕಬೇಕಾದ್ದು ಒಲೆಗೆ, ಬಚ್ಚಲಿಗೆ, ಕೊಟ್ಟಿಗೆಗೆ.

ಒಲೆಯಿಂದಲೇ ಆರಂಭಿಸೋಣ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಅಸ್ತ್ರದವರೇ 1980ರ ದಶಕದಲ್ಲಿ ಮಾಡಿದ ‘ಅಸ್ತ್ರ ಒಲೆ’ ಹಿರಿಯ ಸದಸ್ಯರಿಗೆ ನೆನಪಿರಬಹುದು: ಕೆಳಗೆ ಕಂಬಿ ಜಾಲರಿ, ಸಾಲಾಗಿ ಮೂರು ಪಾತ್ರೆ, ಹಿಂದೆ ಹೊಗೆ ಕೊಳವೆ. ಜಾಲರಿಯಿಂದ ಗಾಳಿ ಕೆಳಗಿನಿಂದ ಬಂದು ಸೌದೆ ಪೂರ್ತಿ ಉರಿಯುತ್ತದೆ, ಪಾತ್ರೆ ಒಲೆಯ ಬಾಯಿಗೆ ಸರಿಯಾಗಿ ಕೂರುವುದರಿಂದ ಉರಿ ಆಚೆ ಹೋಗದು, ಹೊಗೆ ಕೋಣೆಯಲ್ಲಿ ನಿಲ್ಲದು. ಸರಿಯಾಗಿ ಕಟ್ಟಿದ ಒಲೆ ಮೂರರಲ್ಲಿ ಒಂದು ಪಾಲಿನ ಹತ್ತಿರ ಶಾಖವನ್ನು ಹಿಡಿಯುತ್ತಿತ್ತು. ‘ಸರಿಯಾಗಿ ಕಟ್ಟಿದ’ ಎಂಬ ಮಾತು ಮುಖ್ಯ. ಎಷ್ಟೋ ಮನೆಗಳಲ್ಲಿ ಸೌದೆ ಸೀಳುವ ಸೋಮಾರಿತನಕ್ಕೆ ಒಲೆಯ ಬಾಯಿ ದೊಡ್ಡದು ಮಾಡಿದರು, ಕೊಳವೆಯ ಮಸಿ ತೆಗೆಯಲಿಲ್ಲ, ಜಾಲರಿ ಮುರಿದಾಗ ಬದಲಿಸಲಿಲ್ಲ. ಆಮೇಲೆ ಒಲೆಯೇ ಸರಿಯಿಲ್ಲ ಎಂದರು.

ಇದನ್ನು ಅಡಿಕೆ ಬೇಯಿಸುವ ಹಂಡೆಗೆ ಹಚ್ಚಿ ನೋಡಿ. 300 ಲೀಟರ್ ನೀರನ್ನು ಕುದಿ ಬರಿಸುವುದಕ್ಕೇ, ಹತ್ತರಲ್ಲೊಂದು ಪಾಲು ಹಿಡಿಯುವ ಒಲೆಗೆ ಸುಮಾರು 60 ಕಿಲೋ ಒಣ ಸೌದೆ ಬೇಕು. ಮೂರು ಪಾಲು ಹಿಡಿಯುವ ಒಲೆಗೆ 20 ಕಿಲೋ ಸಾಕು. ಕರೆಂಟಿನಿಂದಾದರೆ 26 ಯೂನಿಟ್ ಹೋಗುತ್ತಿತ್ತು. ಕೊಯ್ಲಿನ ತಿಂಗಳುಗಳಲ್ಲಿ ಎಷ್ಟು ಹಂಡೆ ಇಳಿಸುತ್ತೀರಿ ಎಂಬುದರಿಂದ ಗುಣಿಸಿಕೊಳ್ಳಿ. ಹಂಡೆಯ ಸುತ್ತ ಇಟ್ಟಿಗೆಯ ಗೋಡೆ, ಹಂಡೆಗೂ ಗೋಡೆಗೂ ನಡುವೆ ಎರಡು ಬೆರಳು ಜಾಗ, ಕೆಳಗೆ ಜಾಲರಿ, ಹಿಂದೆ ಆಳೆತ್ತರ ಮೀರಿದ ಹೊಗೆ ಕೊಳವೆ, ಮೇಲೊಂದು ಮುಚ್ಚಳ: ಇಷ್ಟೇ ಕೆಲಸ. ಹಸಿ ಸೌದೆಯನ್ನು ಮಾತ್ರ ಹಾಕಬೇಡಿ. ಅದರ ಬೆಂಕಿಯಲ್ಲಿ ಒಂದು ಪಾಲು ಸೌದೆಯ ನೀರನ್ನೇ ಒಣಗಿಸುವುದಕ್ಕೆ ಹೋಗುತ್ತದೆ. ಹೋದ ವರ್ಷದ ಅಡಿಕೆ ಸಿಪ್ಪೆಯನ್ನು ಮಳೆಗೆ ನೆನೆಯದಂತೆ ಪೇರಿಸಿಟ್ಟವರು ಅರ್ಧ ಸೌದೆ ಉಳಿಸಿದ್ದನ್ನು ನಾವು ನೋಡಿದ್ದೇವೆ.

ಬಚ್ಚಲಿಗೆ ಬಿಸಿಲು ಸಾಕು. ಇದು ಕರೆಂಟು ಮಾಡುವ ಹಲಗೆಯಲ್ಲ, ಬಿಸಿಲಿನಿಂದ ನೇರ ನೀರನ್ನೇ ಕಾಯಿಸುವ ಸಾಧನ; ಎರಡನ್ನೂ ಜನ ಸೋಲಾರ್ ಎಂದೇ ಕರೆಯುವುದರಿಂದ ಗೊಂದಲ. ನಮ್ಮ ಬಯಲುಸೀಮೆಯಲ್ಲಿ ಮೋಡದ ದಿನಗಳನ್ನು ಬಿಟ್ಟರೆ ವರ್ಷದ ಬಹುಕಾಲ ಸ್ನಾನದ ನೀರು ಅದರಲ್ಲಿ ಆಗುತ್ತದೆ. ಕೊಳವೆ ಬಾವಿಯ ಗಡಸು ನೀರಾದರೆ ಒಳಗೆ ಸುಣ್ಣ ಕಟ್ಟುತ್ತದೆ, ಅದನ್ನು ಮೊದಲೇ ಮಾರುವವರಿಗೆ ತಿಳಿಸಿ ತಕ್ಕ ಮಾದರಿ ಕೇಳಿ.

ಕೊಟ್ಟಿಗೆಯ ವಿಷಯದಲ್ಲಿ ಪುರದ ಕತೆ ಕೇಳಿ ಹೆದರಬೇಕಾಗಿಲ್ಲ. ಊರಿಗೆಲ್ಲ ಸಾಲದ ಸಗಣಿ, ಕಟ್ಟಿ ಮೇಯಿಸುವ ಮೂರು ನಾಲ್ಕು ಹಸುಗಳಿರುವ ಮನೆಗೆ ಸಾಲುತ್ತದೆ. 50 ಕಿಲೋ ಸಗಣಿ, ಅಷ್ಟೇ ನೀರು, ಎರಡು ಘನಮೀಟರಿನ ಗುಂಡಿ. ತಿಂಗಳಿಗೆ ಒಂದೂವರೆ ಸಿಲಿಂಡರಿನ ಮೇಲೆಯೇ ಗ್ಯಾಸು. ಬಗ್ಗಡ ಅಡಿಕೆಯ ಬುಡಕ್ಕೆ. ಹಸು ಒಂದೇ ಇದ್ದು, ನಾಳೆ ಮಾರುವ ಯೋಚನೆಯೂ ಇದ್ದರೆ ಕಟ್ಟಿಸಬೇಡಿ. ಸಹಾಯಧನ ಸಿಗುತ್ತದೆಂದು ಕಟ್ಟಿಸಿ ಬಾವಲಿ ಮನೆಯಾದ ಗುಂಡಿಗಳು ಬೇಕಾದಷ್ಟಿವೆ.

ಇನ್ನು ಮನೆ ಮೇಲಿನ ಕರೆಂಟಿನ ಹಲಗೆ. ಒಂದು ಕಿಲೋವ್ಯಾಟ್ ಹಲಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. 2024ರಲ್ಲಿ ಆರಂಭವಾದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ಮೀರದಂತೆ ಸಹಾಯಧನ ಗೊತ್ತುಮಾಡಿದ್ದಾರೆ. ನಾವು ಬೇಡವೆನ್ನುವುದಿಲ್ಲ. ಆದರೆ ತಿಂಗಳಿಗೆ 60-70 ಯೂನಿಟ್ ಸುಡುವ, ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುವ ಮನೆಗೆ ಉಳಿಯುವ ಹಣವೆಲ್ಲಿ? 200 ಯೂನಿಟ್ ದಾಟುವವರಿಗೆ, ಹಿಟ್ಟಿನ ಗಿರಣಿ, ಸುಲಿಯುವ ಯಂತ್ರ ಇಟ್ಟವರಿಗೆ ಅದು ಬೇರೆ ಮಾತು.

ಹಲವರಿಗೆ ತಿಳಿಯದ ಇನ್ನೊಂದು ಸಂಗತಿ: ಬ್ಯಾಟರಿಯಿಲ್ಲದೆ ಕಂಬಕ್ಕೆ ಜೋಡಿಸಿದ ಹಲಗೆ, ಕಂಬದ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಲೈನ್‌ಮನ್ ಕಂಬ ಹತ್ತಿದಾಗ ನಮ್ಮ ಮನೆಯಿಂದ ಕರೆಂಟು ಹಿಂದಕ್ಕೆ ಹರಿದು ಅವನ ಪ್ರಾಣ ಹೋಗಬಾರದೆಂದು ಹೀಗೆ ಮಾಡಿದ್ದಾರೆ, ಅದು ಸರಿಯೇ. ಕರೆಂಟು ಹೋದಾಗ ದೀಪ ಬೇಕೆನ್ನುವವರು ಬ್ಯಾಟರಿಯ ಖರ್ಚನ್ನೂ ಸೇರಿಸಿ ಯೋಚಿಸತಕ್ಕದ್ದು.

ನಮ್ಮ ಸಂಘದ ಕಾಫಿ ಬೆಳೆಗಾರರು ಮಲೆನಾಡಿನವರು, ಅವರಿಗೆ ಈ ಲೆಕ್ಕ ಸ್ವಲ್ಪ ಬೇರೆ. ಮಳೆಗಾಲದ ಮೂರು ತಿಂಗಳು ಬಿಸಿಲು ನಂಬುವಂತಿಲ್ಲ. ಆದರೆ ಆಗಲೇ ಹಳ್ಳಗಳು ತುಂಬಿರುತ್ತವೆ. ಸೆಕೆಂಡಿಗೆ ಹತ್ತು ಲೀಟರ್ ನೀರು ಕೊಳವೆಯಲ್ಲಿ 65 ಅಡಿ ಇಳಿದು ಬರುವ ಅನುಕೂಲವಿದ್ದರೆ ಪುಟ್ಟ ಟರ್ಬೈನಿನಿಂದ ಒಂದು ಕಿಲೋವ್ಯಾಟಿನ ಹತ್ತಿರ ಸಿಗುತ್ತದೆ, ಅದೂ ಹಗಲು ರಾತ್ರಿ. ಮರಗಸಿಯ ಸೌದೆ ಅವರಿಗೆ ಹೇರಳ. ಒಲೆ ಕೆಟ್ಟದಿದ್ದರೆ ಹೊಗೆ ಮಾತ್ರ ಇಲ್ಲಿಯಷ್ಟೇ.

ಕೊನೆಗೆ, ಹಲಗೆ ಹಾಕಿಸುವುದೆಂದು ತೀರ್ಮಾನಿಸಿದ ಸದಸ್ಯರಿಗೆ ಒಂದು ಸೂಚನೆ. ನಮ್ಮ ಮನೆಗಳು ತೆಂಗು ಅಡಿಕೆಯ ನಡುವೆ ಇರುವಂಥವು. ಹಲಗೆಯ ಒಂದು ಮೂಲೆಗೆ ಗರಿಯ ನೆರಳು ಬಿದ್ದರೂ ಇಡೀ ಸಾಲಿನ ಕರೆಂಟು ಇಳಿಯುತ್ತದೆ. ಸಹಿ ಹಾಕುವ ಮೊದಲು ಬೆಳಿಗ್ಗೆ ಒಂಬತ್ತಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಏಣಿ ಹತ್ತಿ ನೆರಳು ಎಲ್ಲಿ ಬೀಳುತ್ತದೆಂದು ನೋಡಿ ಬನ್ನಿ. ಡಿಸೆಂಬರಿನಲ್ಲಿ ನೆರಳು ಇನ್ನೂ ಉದ್ದ.